ತಾರಸಿಯ ಮೋರಿ ಸೋರುತ್ತಿದೆಯೇ? ಬಣ್ಣದ ಡಬ್ಬ ಆಮೇಲೆ ತೆಗೆಯಿರಿ

ನಮ್ಮ ಮಲಗುವ ಕೋಣೆಯ ಮೂಲೆಗೆ ಎರಡು ವರ್ಷ ಬಣ್ಣ ಹೊಡೆಸಿದೆವು. ಎರಡೂ ಸಲ ಮೇ ತಿಂಗಳ ಜೋರು ಮಳೆಗೆ ಅದು ಹಪ್ಪಳದ ಹಾಗೆ ಎದ್ದು ಉದುರಿತು. ಮೂರನೇ ವರ್ಷ ಬಂದ ಮೇಸ್ತ್ರಿ ಆ ಮೂಲೆಯನ್ನು ತಲೆಯೆತ್ತಿ ನೋಡಲೂ ಇಲ್ಲ. ಸೀದಾ ತಾರಸಿಗೆ ಹತ್ತಿ, ಪ್ಯಾರಪೆಟ್ ಪಕ್ಕದ ಮೋರಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಪೈಪಿನ ಬಾಯಿ ಸುತ್ತ ಬೆರಳಾಡಿಸಿದರು. ಉಗುರು ಒಳಗೆ ಹೋಯಿತು. "ನೀರು ಇಲ್ಲಿಂದ ಇಳೀತಿದೆ ಸಾರ್, ನೀವು ಕೆಳಗೆ ಬಣ್ಣ ಹೊಡೀತಿದೀರಿ" ಅಂದರು.

ಸಾವಿರ ಚದರಡಿ ತಾರಸಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,600 ಲೀಟರ್ ನೀರು. ಒಂದು ಸಣ್ಣ ಟ್ಯಾಂಕರ್‌ನಷ್ಟು! ಅಷ್ಟೂ ಮೋರಿಗೆ ಬಂದು ಒಂದೆರಡು ಪೈಪಿನಲ್ಲಿ ಇಳಿಯಬೇಕು. ಅಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕಲ್ವಾ?

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಜನವರಿಯಿಂದ ಯುಗಾದಿವರೆಗಿನ ಒಣ ದಿನಗಳೇ ಸರಿ. ಸೆಪ್ಟೆಂಬರ್ ಮಳೆಯ ಮಧ್ಯೆ ಟಾರ್ಪಾಲಿನ್ ಹಿಡಿದು ಮಾಡಿದ್ದು ನಿಲ್ಲುವುದಿಲ್ಲ.

ಮೊದಲು ಮೋರಿಯ ಕಸ ತೆಗೆಯಿರಿ. ಹೊಂಗೆ, ಗುಲ್‌ಮೊಹರ್ ಮರ ಪಕ್ಕದಲ್ಲಿದ್ದರೆ ಎಲೆ ಕೊಳೆತು ಕಪ್ಪು ಕೆಸರಾಗಿರುತ್ತದೆ. ಕರಣೆಯಲ್ಲಿ ಎತ್ತಿ ಬಕೆಟ್‌ಗೆ ಹಾಕಿ, ನೀರು ಬಿಟ್ಟು ಪೈಪಿಗೆ ತಳ್ಳಬೇಡಿ. ಬಿರುಕಿನಲ್ಲಿ ಅರಳಿ ಸಸಿ ಇದ್ದರೆ ಸುಮ್ನೆ ಎಳೆದರೆ ಬೇರು ತುಂಡಾಗಿ ಮತ್ತೆ ಚಿಗುರುತ್ತದೆ. ಸುತ್ತಲಿನ ಗಾರೆ ಉಳಿಯಿಂದ ಒಡೆದು ಬೇರು ಸಮೇತ ತೆಗೆಯಿರಿ. ಅರಳಿ ಕೀಳಬಾರದು ಎನ್ನುವ ಹಿರಿಯರು ಮನೆಯಲ್ಲಿದ್ದರೆ ಕುಂಡಕ್ಕೆ ಹಾಕಿ ಅವರ ಕೈಗೆ ಕೊಡಿ.

ಇನ್ನು ಸೋರುವ ಜಾಗ ಹುಡುಕುವುದು. ಆತುರ ಬೇಡ, ಅರ್ಧ ರಿಪೇರಿ ಇಲ್ಲೇ ಇದೆ. ನೀರು ಕಾಂಕ್ರೀಟಿನೊಳಗೆ ಹರಿದು ನಾಲ್ಕಡಿ ಆಚೆ ತೊಟ್ಟಿಕ್ಕಬಹುದು. ಹಾಗಾಗಿ ಕಲೆಯ ನೇರಕ್ಕೆ ಮೇಲೆ ಹೋಗಿ ಒಡೆಯುವುದು ದಂಡ. ಕೋಣೆಯೊಳಗಿನ ಒದ್ದೆ ಕಲೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಮೋರಿಗೆ ಅಡ್ಡಲಾಗಿ ಪೈಪಿಗಿಂತ ಎರಡಡಿ ಹಿಂದೆ ಜೇಡಿಮಣ್ಣಿನ ಕಟ್ಟೆ ಕಟ್ಟಿ, ಅದರ ಹಿಂದೆ ಎರಡಿಂಚು ನೀರು ನಿಲ್ಲಿಸಿ. ಒಂದು ದಿನ ಬಿಟ್ಟು ನೋಡಿ. ಕಲೆ ಗೆರೆ ದಾಟಿದರೆ ಬಿರುಕು ಆ ಭಾಗದಲ್ಲಿದೆ. ದಾಟದಿದ್ದರೆ ಕಟ್ಟೆ ತೆಗೆದು, ಪೈಪಿನೊಳಗೆ, ಬಾಯಿಗಿಂತ ಸ್ವಲ್ಪ ಕೆಳಗೆ ಬಟ್ಟೆ ತುರುಕಿ, ಅಲ್ಲಿ ನೀರು ನಿಲ್ಲಿಸಿ. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಕಳ್ಳ ಸಿಕ್ಕಿದ್ದು ಪೈಪಿನ ಬಾಯಲ್ಲೇ. ಪಿವಿಸಿ ನುಣುಪು, ಅದಕ್ಕೆ ಸಿಮೆಂಟ್ ಹಿಡಿಯುವುದಿಲ್ಲ. ಬಿಸಿಲಿಗೆ ಪೈಪ್ ಹಿಗ್ಗಿ ಕುಗ್ಗಿ ಸುತ್ತ ಸಂದು ಬಿಡುತ್ತದೆ.

ಆ ಸಂದನ್ನು ಸಿಮೆಂಟ್ ಹಾಲಿನಿಂದ ಮುಚ್ಚಿದರೆ ಮುಂದಿನ ಬೇಸಿಗೆಗೆ ಮತ್ತೆ ಬಿಡುತ್ತದೆ. ಪೈಪಿನ ಸುತ್ತ ಅರ್ಧ ಇಂಚು ಅಗಲ, ಅಷ್ಟೇ ಆಳದ ಕಾಲುವೆ ಕೊರೆಯಿರಿ. ದೂಳು ತೆಗೆದು, ಪೈಪಿನ ಮೈಯನ್ನು ಉಪ್ಪುಕಾಗದದಿಂದ ಒರಟು ಮಾಡಿ. ಪೂರ್ತಿ ಒಣಗಿದ ಮೇಲೆ ಪಿಯು (ಪಾಲಿಯುರೆಥೇನ್) ಸೀಲಂಟ್ ಎಂಬ ಸಂದು ಮುಚ್ಚುವ ಅಂಟು ತುಂಬಿ. ಅದು ರಬ್ಬರಿನ ಹಾಗೆ ಪೈಪಿನ ಜೊತೆ ಹಿಗ್ಗುತ್ತದೆ. ಮೋರಿಯ ತಳದ ಬಿರುಕನ್ನೂ ಇಂಗ್ಲಿಷಿನ 'ವಿ' ಆಕಾರಕ್ಕೆ ಬಿಡಿಸಿ ತುಂಬಬೇಕು.

ಆಮೇಲೆ ವಾಟ, ಅಂದರೆ ನೀರು ಪೈಪಿನತ್ತ ಹರಿಯುವ ಇಳಿಜಾರು. ಮೋರಿಯಲ್ಲಿ ಮಳೆ ನಿಂತ ಮೇಲೂ ನೀರು ಉಳಿಯುತ್ತಿದ್ದರೆ ವಾಟ ತಪ್ಪಿದೆ ಅಂತಲೇ ಅರ್ಥ. ಹತ್ತಡಿ ಉದ್ದಕ್ಕೆ ಒಂದೂಕಾಲು ಇಂಚು ಇಳಿಜಾರು ಸಾಕು. ಹಳೆಯ ಮೈಯನ್ನು ಒರಟು ಮಾಡಿ, ಒದ್ದೆ ಮಾಡಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು ಕಲಸಿ ಹಾಕಿ. ಐವತ್ತು ಕೆಜಿ ಸಿಮೆಂಟ್ ಚೀಲಕ್ಕೆ ಸಾಮಾನ್ಯವಾಗಿ 200 ಎಂಎಲ್ ವಾಟರ್‌ಪ್ರೂಫ್ ದ್ರಾವಣ. ಡಬ್ಬದ ಮೇಲೆ ಬರೆದದ್ದನ್ನು ಒಮ್ಮೆ ಓದಿಕೊಳ್ಳಿ. ಜಾಸ್ತಿ ಸುರಿದರೆ ಜಾಸ್ತಿ ಗಟ್ಟಿಯಾಗುವುದಿಲ್ಲ. ಗೋಡೆ ಮತ್ತು ತಳ ಸೇರುವ ಮೂಲೆಯನ್ನು ಚೂಪಾಗಿ ಬಿಡದೆ ಗುಂಡಗೆ ತಿರುಗಿಸಿ. ಗೋಣಿಚೀಲ ಹೊದಿಸಿ ಏಳು ದಿನ ನೀರುಣಿಸಿ.

ಪೂರ್ತಿ ಆರಿದ ಮೇಲೆ ಅಕ್ರಿಲಿಕ್ ವಾಟರ್‌ಪ್ರೂಫ್ ಕೋಟಿಂಗ್. ಮೊದಲ ಕೋಟ್ ಹಸಿಯಿರುವಾಗಲೇ ಫೈಬರ್ ಮೆಶ್ ಅಂಟಿಸಿ. ಅದು ಒಣಗಿದ ಮೇಲೆ ಇನ್ನೊಂದು ಕೋಟ್, ಈ ಸಲ ಬ್ರಷ್ ಅಡ್ಡಲಾಗಿ. ಪ್ಯಾರಪೆಟ್ ಗೋಡೆಯ ಮೇಲೂ ಆರಿಂಚು ಎತ್ತರಕ್ಕೆ ಹೋಗಲಿ. ಪೈಪಿನ ಬಾಯೊಳಗೂ ಒಂದಿಷ್ಟು ಇಳಿಯಲಿ. ಪೈಪಿನ ಬಾಯಿಗೆ ಹಾಕುವ ಜಾಲರಿ ಚಪ್ಪಟೆಯದು ಬೇಡ, ಗುಮ್ಮಟದ ಹಾಗೆ ಉಬ್ಬಿರುವುದನ್ನು ತನ್ನಿ. ಒಂದು ದೊಡ್ಡ ಎಲೆ ಬಿದ್ದರೆ ಚಪ್ಪಟೆ ಜಾಲರಿಯ ಬಾಯಿ ಮುಚ್ಚಿತು ಅಂತಲೇ.

ಕೋಣೆಯೊಳಗೆ ಗಾರೆ ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ ಮಾತ್ರ ಇದಕ್ಕೆಲ್ಲ ಕೈ ಹಾಕಬೇಡಿ, ಎಂಜಿನಿಯರ್‌ಗೆ ತೋರಿಸಿ.

ಕೋಟಿಂಗ್ ಒಣಗಿದ ಮೇಲೆ ಮತ್ತೆ ಪೈಪ್ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ. ಪೆನ್ಸಿಲ್ ಗೆರೆ ಹತ್ತಿರ ಹೊಸ ಒದ್ದೆ ಬಾರದಿದ್ದರೆ ಕೆಲಸ ಆದಂತೆ. ಬಣ್ಣಕ್ಕೆ ಮಾತ್ರ ಹಳೆಯ ಕಲೆ ಪೂರ್ತಿ ಒಣಗುವ ತನಕ ಕಾಯಿರಿ. ನಮ್ಮದು ಒಣಗಲು ಒಂದೂವರೆ ತಿಂಗಳು ಹಿಡಿಯಿತು.