ದುಬೈನ ಮೊದಲ ಮೂರು ತಿಂಗಳು: ಯಾವ ಕೆಲಸ ಮೊದಲು, ಯಾವುದು ಆಮೇಲೆ?

ದುಬೈನಲ್ಲಿ ಕೆಲಸ ಸಿಕ್ಕಿತು ಅಂದ ಕೂಡಲೇ ಮನೆಯಲ್ಲಿ ಉಪ್ಪಿನಕಾಯಿ, ಸಾರಿನ ಪುಡಿ ಕಟ್ಟುವುದು ಶುರುವಾಗುತ್ತದೆ. ಆಗಲಿ ಬಿಡಿ. ಆದರೆ ಗಸಗಸೆ ಪೊಟ್ಟಣ ಕಂಡರೆ ತೆಗೆದಿಡಿ. ನಮಗದು ಹಬ್ಬದ ಪಾಯಸ, ಇಲ್ಲಿ ಮಾದಕ ವಸ್ತುವಿನ ಲೆಕ್ಕ. ವೀಳ್ಯದೆಲೆಯೂ ಬೇಡ. ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಾಮಡಾಲ್‌ನಂಥ ನೋವಿನ ಮಾತ್ರೆ ತರಲೇಬೇಕಿದ್ದರೆ ಡಾಕ್ಟರ ಚೀಟಿ ಇಟ್ಟುಕೊಂಡು, ಮೊದಲೇ ಆನ್‌ಲೈನ್‌ನಲ್ಲಿ ಅನುಮತಿ ಪಡೆಯಿರಿ.

ಇಲ್ಲಿ ನೆಲೆಯಾಗುವುದು ಕಷ್ಟವೇನಲ್ಲ. ಒಂದೇ ತೊಡಕು ಅಂದರೆ, ಪ್ರತಿ ಕಾಗದಕ್ಕೂ ಅದರ ಹಿಂದಿನ ಕಾಗದ ಬೇಕು. ಸರದಿ ತಪ್ಪಿಸಿದರೆ ಓಡಾಟ ಜಾಸ್ತಿ.

ಊರು ಬಿಡುವ ಮೊದಲು

ಪದವಿ ಪತ್ರ, ಮದುವೆಯಾಗಿದ್ದರೆ ಮದುವೆ ನೋಂದಣಿ ಪತ್ರ, ಎರಡನ್ನೂ ಅಟೆಸ್ಟ್ ಮಾಡಿಸಿ. ಮೊದಲು ರಾಜ್ಯ ಸರ್ಕಾರದ ಮುದ್ರೆ, ಆಮೇಲೆ ದೆಹಲಿಯ ವಿದೇಶಾಂಗ ಸಚಿವಾಲಯದ್ದು, ನಂತರ ಯುಎಇ ರಾಯಭಾರ ಕಚೇರಿಯದ್ದು. ಕೊನೆಯ ಮುದ್ರೆ ಇಲ್ಲಿ ಬಂದ ಮೇಲೆ. "ಹೆಂಡತಿ ಬರೋದು ಇನ್ನೂ ಒಂದು ವರ್ಷ ಬಿಟ್ಟು, ಆಮೇಲೆ ನೋಡೋಣ" ಅಂತ ಬಿಟ್ಟವರು ಒಂದು ವರ್ಷದ ನಂತರ ಮೂಲ ಪ್ರತಿಯನ್ನು ಕೊರಿಯರ್‌ನಲ್ಲಿ ಊರಿಗೆ ಕಳಿಸುತ್ತಾ ಕೂರುತ್ತಾರೆ.

ವೀಸಾದ ಖರ್ಚು ಕಾನೂನಿನ ಪ್ರಕಾರ ಕೆಲಸ ಕೊಡುವವರದ್ದು. ಏಜೆಂಟ್ ಅದಕ್ಕೂ ದುಡ್ಡು ಕೇಳಿದರೆ ಅಲ್ಲೇ ಅನುಮಾನ ಪಡಿ. ಬಂದ ಮೇಲೆ ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿ ಅಲ್ಲ, ನಿಮ್ಮ ಕೈಯಲ್ಲೇ ಇರಬೇಕು.

ಬಂದಿಳಿದ ಮೇಲೆ ಕಾರ್ಡ್, ಆಮೇಲೆ ಬ್ಯಾಂಕ್

ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಬೆರಳಚ್ಚು. ಇಷ್ಟಾದರೆ ಎಮಿರೇಟ್ಸ್ ಐಡಿ ಬರುತ್ತದೆ. ಪಾಸ್‌ಪೋರ್ಟಿಗೆ ವೀಸಾ ಅಂಟಿಸುವ ಪದ್ಧತಿ 2022ರಲ್ಲಿ ನಿಂತಿತು. ಈಗ ಈ ಕಾರ್ಡೇ ಎಲ್ಲ. ಹಿಂದೆಂದೋ ಟಿಬಿ ಬಂದು ವಾಸಿಯಾಗಿದ್ದರೆ ಊರಲ್ಲೇ ಒಂದು ಎಕ್ಸ್‌ರೇ ತೆಗೆಸಿ, ಹಳೆಯ ರಿಪೋರ್ಟುಗಳ ಜೊತೆ ತನ್ನಿ. ಶ್ವಾಸಕೋಶದಲ್ಲಿ ಕಲೆ ಕಂಡರೆ ಮತ್ತೆ ಪರೀಕ್ಷೆಗೆ ಕರೆಯುತ್ತಾರೆ.

ಕಾರ್ಡ್ ಬಂದರೆ ಬ್ಯಾಂಕ್ ಖಾತೆ. ಖಾತೆ ತೆರೆಯುವಾಗಲೇ ಚೆಕ್ ಪುಸ್ತಕ ಕೇಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ನಿರುದ್ಯೋಗ ವಿಮೆಗೂ ಆಗಲೇ ಸೇರಿಕೊಳ್ಳಿ. ಮೂಲ ಸಂಬಳ 16,000 ದಿರ್ಹಂ ಒಳಗಿದ್ದರೆ ತಿಂಗಳಿಗೆ 5 ದಿರ್ಹಂ. ಮರೆತರೆ ದಂಡ 400. ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿ ಭಾರತೀಯರ ಖಾತೆ ಮಾಡಿಸುವುದನ್ನೂ ಮರೆಯಬೇಡಿ.

ಮನೆ

ಮೊದಲ ಎರಡು ಮೂರು ತಿಂಗಳು ಒಬ್ಬರೇ ಇರಿ, ಶೇರಿಂಗ್ ರೂಮಿನಲ್ಲೋ ಬೆಡ್ ಸ್ಪೇಸ್‌ನಲ್ಲೋ. ಬೆಡ್ ಸ್ಪೇಸ್ ಅಂದರೆ ಹೆಸರೇ ಹೇಳುವಂತೆ ಒಂದು ಮಂಚದಷ್ಟು ಜಾಗ. ಕರಾಮ, ಬರ್ ದುಬೈ, ಅಲ್ ಖುಸೈಸ್ ಕಡೆ ನಮ್ಮವರು ಸಿಗುತ್ತಾರೆ, ಇಡ್ಲಿಯೂ ಸಿಗುತ್ತದೆ. ಪ್ಲೈವುಡ್ ಹೊಡೆದು ಮಾಡಿದ ಪಾರ್ಟಿಷನ್ ರೂಮಿಗೆ ಹೋಗಬೇಡಿ. ಅನುಮತಿ ಇಲ್ಲದ್ದು, ತಪಾಸಣೆಯಾದರೆ ಗಂಟುಮೂಟೆ ಕಟ್ಟಬೇಕು. ಶಾರ್ಜಾದಲ್ಲಿ ಬಾಡಿಗೆ ಕಡಿಮೆ, ನಿಜ. ಆದರೆ ದುಬೈನಲ್ಲಿ ಆಫೀಸ್ ಇದ್ದರೆ ಉಳಿದ ದುಡ್ಡನ್ನು ಅಲ್ ಇತ್ತಿಹಾದ್ ರಸ್ತೆಯ ಟ್ರಾಫಿಕ್‌ನಲ್ಲಿ ನಿಮ್ಮ ಬೆಳಗುಗಳಿಂದ ಕಟ್ಟುತ್ತೀರಿ.

ಸ್ವಂತಕ್ಕೆ ಫ್ಲಾಟ್ ಹಿಡಿಯುವಾಗ ಚೆಕ್ ಪುಸ್ತಕ ಹೊರಬರುತ್ತದೆ. ಇಲ್ಲಿ ಬಾಡಿಗೆ ಹೇಳುವುದು ವರ್ಷದ ಲೆಕ್ಕದಲ್ಲಿ. ಅದನ್ನು ಒಂದು, ಎರಡು ಅಥವಾ ನಾಲ್ಕು ಚೆಕ್‌ಗಳಲ್ಲಿ, ಮುಂದಿನ ತಾರೀಖು ಹಾಕಿ ಮೊದಲೇ ಬರೆದು ಕೊಡಬೇಕು. ಚೆಕ್ ಕಡಿಮೆಯಾದಷ್ಟೂ ಚೌಕಾಸಿಗೆ ಜಾಗ ಜಾಸ್ತಿ. ಇದರ ಮೇಲೆ ಸಾಮಾನ್ಯವಾಗಿ 5% ಠೇವಣಿ, 5% ಬ್ರೋಕರ್ ಕಮಿಷನ್. ಒಪ್ಪಂದವನ್ನು 'ಇಜಾರಿ'ಯಲ್ಲಿ ನೋಂದಾಯಿಸಬೇಕು. ಅರಬ್ಬಿಯಲ್ಲಿ ಅದರ ಅರ್ಥ 'ನನ್ನ ಬಾಡಿಗೆ'. ಇಜಾರಿ ಇಲ್ಲದೆ ಕರೆಂಟು, ನೀರು ಇಲ್ಲ.

ಕರೆಂಟು, ನೀರು ಕೊಡುವ ಸಂಸ್ಥೆಯನ್ನು ನಮ್ಮವರು ಕರೆಯುವುದು 'ದೇವಾ' ಅಂತ. ಬಿಲ್ ನೋಡಿದಾಗಲೂ ಬಾಯಲ್ಲಿ ಬರುವುದು ಅದೇ. ಫ್ಲಾಟಿಗೆ 2,000 ದಿರ್ಹಂ ಠೇವಣಿ. ಪ್ರತಿ ಬಿಲ್ಲಿನಲ್ಲಿ 'ಹೌಸಿಂಗ್ ಫೀ' ಅಂತ ಒಂದು ಸಾಲು ಇರುತ್ತದೆ. ಅದು ವರ್ಷದ ಬಾಡಿಗೆಯ 5%. ಬಾಡಿಗೆ 60,000 ಆದರೆ ವರ್ಷಕ್ಕೆ 3,000, ತಿಂಗಳಿಗೆ 250. ಬಜೆಟ್ ಹಾಕುವಾಗ ಇದನ್ನು ಎಲ್ಲರೂ ಮರೆಯುತ್ತಾರೆ.

ನಾನು ಮರೆತದ್ದು ಬೇರೆ. ಮನೆ ನೋಡಿದೆ, ಬೆಳಕು ಚೆನ್ನಾಗಿತ್ತು, ಬಾಡಿಗೆ ಅಕ್ಕಪಕ್ಕಕ್ಕಿಂತ ಕಡಿಮೆ. ಸುಮ್ನೆ ಖುಷಿಯಲ್ಲಿ ಸಹಿ ಹಾಕಿದೆ. 'ಚಿಲ್ಲರ್ ಫ್ರೀ'ನಾ, ಅಂದರೆ ಎಸಿಯ ತಂಪಿನ ಖರ್ಚು ಬಾಡಿಗೆಯಲ್ಲೇ ಸೇರಿದೆಯಾ ಅಂತ ಕೇಳಲೇ ಇಲ್ಲ. ಇಲ್ಲಿ ಕೆಲವು ಕಟ್ಟಡಗಳಿಗೆ ಎಸಿಯ ತಣ್ಣೀರು ಹೊರಗಿನ ಕಂಪನಿಯಿಂದ ಪೈಪಿನಲ್ಲಿ ಬರುತ್ತದೆ, ಅದಕ್ಕೆ ಬೇರೆಯೇ ಬಿಲ್. ಆಗಸ್ಟ್‌ನಲ್ಲಿ ಬಂದ ಆ ಬಿಲ್ ಕಡಿಮೆ ಬಾಡಿಗೆಯಲ್ಲಿ ಉಳಿಸಿದ್ದನ್ನೆಲ್ಲ ನುಂಗಿತು. ಮನೆ ನೋಡಲು ಹೋದಾಗ ಮೊದಲ ಪ್ರಶ್ನೆ ಇದೇ ಇರಲಿ.

ಬೇಸಿಗೆಯ ನಲ್ಲಿ ಪಾಠ

ಜೂನ್‌ನಲ್ಲಿ ಒಂದು ಬೆಳಗ್ಗೆ ಮುಖ ತೊಳೆಯಲು ನಲ್ಲಿ ತಿರುಗಿಸುತ್ತೀರಿ, ಕೈ ಸುಡುತ್ತದೆ. ನೀಲಿ ಗುರುತಿನ ನಲ್ಲಿಯೇ! ತಾರಸಿಯ ಟ್ಯಾಂಕು ಬಿಸಿಲಿಗೆ ಕಾದು ಕೂತಿರುತ್ತದೆ. ಇಲ್ಲಿನವರ ಉಪಾಯ ಇದು: ಮೇ ತಿಂಗಳಲ್ಲೇ ಗೀಸರ್ ಆಫ್ ಮಾಡಿಬಿಡಿ. ಗೀಸರ್ ಇರುವುದು ಎಸಿಯ ತಂಪಿರುವ ಮನೆಯೊಳಗೆ, ಅದರಲ್ಲಿ ನಿಂತ ನೀರು ನಿಧಾನಕ್ಕೆ ತಣಿಯುತ್ತದೆ. ಆಮೇಲೆ ಕೆಂಪು ನಲ್ಲಿಯಲ್ಲಿ ತಣ್ಣೀರು, ನೀಲಿಯಲ್ಲಿ ಬಿಸಿನೀರು. ಒಬ್ಬರ ಸ್ನಾನ ಆದಮೇಲೆ ಇನ್ನೊಬ್ಬರು ಸ್ವಲ್ಪ ಹೊತ್ತು ಕಾಯಬೇಕು, ಅಷ್ಟೇ.

ಮಂಗಳೂರು, ಉಡುಪಿ ಕಡೆಯವರು ಸೆಖೆ ನಮಗೆ ಹೊಸತಾ ಅಂತ ನಗುತ್ತಾರೆ. ಕನ್ನಡಕ ಹಾಕುವವರಾದರೆ ಎಸಿ ಕಟ್ಟಡದಿಂದ ಹೊರಗೆ ಕಾಲಿಟ್ಟು ನೋಡಿ. ಗಾಜು ಪೂರ್ತಿ ಮಂಜಾಗಿ ಎರಡು ನಿಮಿಷ ಏನೂ ಕಾಣಿಸುವುದಿಲ್ಲ. ಬಯಲಿನಲ್ಲಿ ದುಡಿಯುವವರಿಗೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಕಡ್ಡಾಯ ವಿರಾಮ ಇದೆ. ನಿಮ್ಮ ತಿರುಗಾಟಕ್ಕೂ ಅದೇ ನಿಯಮ ಹಾಕಿಕೊಳ್ಳಿ.

ಇನ್ನು ಚಿಲ್ಲರೆ ಸಂಗತಿ

ಪ್ಲಗ್ ಇಲ್ಲಿ ಚಪ್ಪಟೆ ಮೂರು ಪಿನ್ನಿನದು. ಪೆನ್ನಿನ ತುದಿ ತೂರಿಸಿ ನಮ್ಮ ದುಂಡು ಪಿನ್ ಹಾಕುವ ಜಾಣತನ ಬೇಡ, ಅಡಾಪ್ಟರ್ ಕೊಳ್ಳಿ. ಮೆಟ್ರೋ, ಬಸ್ ಎರಡಕ್ಕೂ ನೋಲ್ ಕಾರ್ಡ್ ಸಾಕು. ಮೆಟ್ರೋದಲ್ಲಿ ಚೂಯಿಂಗ್ ಗಮ್ ಜಗಿದರೂ 100 ದಿರ್ಹಂ ದಂಡ. ಗೊತ್ತಿಲ್ಲದವರ ಫೋಟೊ ಕೇಳದೆ ತೆಗೆಯುವುದು ಅಪರಾಧ. ರಂಜಾನ್‌ನಲ್ಲಿ ಹಗಲು ಹೊತ್ತು ರಸ್ತೆಯಲ್ಲಿ ನೀರು ಕುಡಿಯುವುದನ್ನೂ ತಡೆದುಕೊಳ್ಳಿ. ಕಟ್ಟಡದ ಕೆಳಗಿನ ಗ್ರೋಸರಿಯ ನಂಬರ್ ಉಳಿಸಿಕೊಳ್ಳಿ. ಒಂದು ಕಟ್ಟು ಕೊತ್ತಂಬರಿ ಸೊಪ್ಪನ್ನೂ ಮನೆ ಬಾಗಿಲಿಗೆ ತಂದು ಕೊಡುತ್ತಾರೆ. ಅಂಗಡಿಯವರು ಹೆಚ್ಚಾಗಿ ಮಲಯಾಳಿಗಳು. ಹಾಗಾಗಿ ಅರಬ್ಬಿಗಿಂತ ಮೊದಲು ನಿಮಗೆ ನಾಲ್ಕು ಮಾತು ಮಲಯಾಳಂ ಬರುತ್ತದೆ.

ವಾಟ್ಸಾಪ್‌ನಲ್ಲಿ ಮೆಸೇಜ್ ಹೋಗುತ್ತದೆ, ಕರೆ ಹೋಗುವುದಿಲ್ಲ. ಹೊರಡುವ ಮೊದಲೇ ಅಪ್ಪ ಅಮ್ಮನ ಫೋನಿಗೆ ಬೋಟಿಮ್ ಅನ್ನುವ ಕರೆ ಆ್ಯಪ್ ಹಾಕಿ, ಒಂದೆರಡು ಸಲ ಮಾತಾಡಿಸಿ ಅಭ್ಯಾಸ ಮಾಡಿಸಿ. ಇಲ್ಲಿ ರಾತ್ರಿ 8 ಆದಾಗ ಊರಲ್ಲಿ 9.30. ಅವರು ಮಲಗುವ ಹೊತ್ತು.

ಮನೆಯವರನ್ನು ಕರೆಸುವುದು

ಸಂಬಳ 4,000 ದಿರ್ಹಂ ಇದ್ದರೆ, ಅಥವಾ 3,000ದ ಜೊತೆ ಕಂಪನಿಯೇ ಮನೆ ಕೊಟ್ಟಿದ್ದರೆ ಹೆಂಡತಿ ಮಕ್ಕಳ ವೀಸಾಗೆ ಅರ್ಜಿ ಹಾಕಬಹುದು. ಅರ್ಹತೆ ಬೇರೆ, ಬದುಕುವುದು ಬೇರೆ. ಅಷ್ಟರಲ್ಲಿ ಈ ಊರಲ್ಲಿ ಸಂಸಾರ ತೂಗಿಸುವುದು ನನಗಂತೂ ಆಗದ ಮಾತು. ಬಾಡಿಗೆ, ಶಾಲೆ ಫೀಸು ಎರಡನ್ನೂ ಕೂಡಿ ನೋಡಿ. ಇಲ್ಲಿನ ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ನಲ್ಲೇ ಶುರುವಾಗುತ್ತವೆ, ಊರಿನ ಹಾಗೆ ಜೂನ್‌ವರೆಗೆ ಕಾಯುವುದಿಲ್ಲ. ಮಕ್ಕಳು ಸಣ್ಣವರಿದ್ದು ಶಾಲೆಯ ಅವಸರ ಇಲ್ಲದಿದ್ದರೆ ನವೆಂಬರ್‌ಗೆ ಟಿಕೆಟ್ ಮಾಡಿಸಿ. ಆಗ ಸಂಜೆ ಕ್ರೀಕ್ ದಡದವರೆಗೆ ನಡೆದು ಹೋಗಿ, 1 ದಿರ್ಹಂ ಕೊಟ್ಟು ಅಬ್ರಾ ದೋಣಿಯಲ್ಲಿ ಆಚೆ ದಡದ ದೇರಾಗೆ ಹೋಗಿಬರಬಹುದು. ಟಿಕೆಟ್ ಕಳಿಸುವಾಗ ಗಸಗಸೆ ವಿಷಯ ಇನ್ನೊಮ್ಮೆ ಹೇಳಿ. ಈ ಸಲ ಗಂಟು ಕಟ್ಟುವವರು ಅತ್ತೆ.