ಕೈಕಾಲು ಗಟ್ಟಿ ಇರುವಾಗಲೇ ಹೊಲ-ಮನೆಯ ಮಾತು ಮುಗಿಸಿದೆ

ಅರವತ್ತಕ್ಕೆ ಅರಳುಮರಳು ಅಂತಾರೆ. ನನಗಂತೂ ಅರವತ್ತು ದಾಟಿದ ಮೇಲೇ ಧೈರ್ಯ ಬಂತು. ಹೊಲ ಯಾರಿಗೆ, ಮನೆ ಯಾರಿಗೆ, ನಾವು ಹಾಸಿಗೆ ಹಿಡಿದರೆ ನೋಡಿಕೊಳ್ಳುವವರು ಯಾರು, ಈ ಮಾತನ್ನು ಹಿರಿಯರೇ ಮೊದಲು ಎತ್ತಬೇಕು. ಮಕ್ಕಳು ಎತ್ತಿದರೆ ಆಸೆಬುರುಕರು ಅನ್ನಿಸಿಕೊಳ್ಳುತ್ತಾರೆ.

ನಮ್ಮದು ಕಲಬುರಗಿ ಜಿಲ್ಲೆಯ ಜೇವರ್ಗಿ ಕಡೆಯ ಹಳ್ಳಿ. ತೊಗರಿ, ಜೋಳ ಬೆಳೆಯುವ ಎರೆ ಹೊಲ. ಅಪ್ಪ ಏನೂ ಹೇಳದೆ ಹೋದರು. ಅವರ ಕಾಲದಲ್ಲಿ ಅದನ್ನು ಕೇಳುವುದೇ ಅಪಶಕುನ. ಆಮೇಲೆ ನಾನೂ ಅಣ್ಣನೂ ಬದುವಿನ ಆಚೆ ಈಚೆ ಮಾತಾಡದೆ ರಾಶಿ ಮಾಡಿದ ವರ್ಷಗಳಿವೆ. ಅಕ್ಕನಿಗೆ ಉಡಿ ತುಂಬಿ ಕಳಿಸಿದರೆ ಮುಗೀತು ಎಂದು ಊರೇ ನಂಬಿತ್ತು. ಆಕೆ ಬಾಯಿಬಿಟ್ಟು ಕೇಳಲಿಲ್ಲ, ತವರಿಗೆ ಬರುವುದು ಮಾತ್ರ ಕಡಿಮೆಯಾಯಿತು. ಆ ನೋವು ನನಗೆ ತಿಳಿದದ್ದು ನನ್ನ ಮಗಳು ಗಂಡನ ಮನೆಗೆ ಹೋದ ಮೇಲೆ. ಹಾಗಾಗಿ ಮೊದಲು ಅಣ್ಣನ ಜೊತೆ ಕೂತು ಅಕ್ಕನ ಪಾಲು ಬಿಡಿಸಿಕೊಟ್ಟೆವು. ಆಮೇಲೇ ನನ್ನ ಮನೆಯ ಮಾತು.

ಎಳ್ಳಮಾವಾಸ್ಯೆಗೆ ಹೇಗೂ ಎಲ್ಲರೂ ಬರುತ್ತಾರೆ. ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಬಜ್ಜಿ ಉಂಡು ಸಂತೋಷವಾಗಿರುತ್ತಾರೆ. ಹಬ್ಬದ ದಿನ ಬೇಡ ಎಂದು ಮಾರನೇ ದಿನ ಮುಂಜಾನೆ ಮಗ, ಸೊಸೆ, ಮಗಳು, ಅಳಿಯ ಎಲ್ಲರನ್ನೂ ಕೂಡಿಸಿದೆ. ಸೊಸೆ, ಅಳಿಯ ಇರಲೇಬೇಕು. ನಾಳೆ ಇನ್ಯಾರದೋ ಬಾಯಿಂದ ಗೊತ್ತಾದರೆ ಮನಸ್ಸು ಒಡೆಯುತ್ತದೆ, ಅಲ್ವಾ?

"ನೀವು ಗಟ್ಟಿ ಇದ್ದೀರಲ್ರೀ, ಈಗ್ಯಾಕ ಈ ಮಾತು" ಎಂದಳು ಮನೆಯಾಕೆ. ಗಟ್ಟಿ ಇದ್ದಾಗಲೇ ಆಡಬೇಕು ಎಂದೆ. ಮಗಳು "ನನಗೇನೂ ಬ್ಯಾಡ್ರಿ ಅಪ್ಪಾ" ಎಂದಳು. ಇದನ್ನು ಕೇಳಿ ಸುಮ್ಮನಾಗಬೇಡಿ. ಎಲ್ಲಿ ತವರು ತಪ್ಪುತ್ತದೋ ಎಂಬ ಹೆದರಿಕೆಗೆ ಹೆಣ್ಣುಮಕ್ಕಳು ಹಾಗೆ ಹೇಳುವುದೇ ಜಾಸ್ತಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಮದುವೆಯಾಗಿದ್ದರೂ ಅಷ್ಟೇ. ಇದು ಹುಟ್ಟಿನಿಂದಲೇ ಬರುವ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಮಗನ ಎದುರಿಗೇ ಇದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಗುವಳಿ ನಾನೇ ಮಾಡ್ತೀನಿ, ಆಕಿ ಪಾಲಿಂದು ವರ್ಷಾ ಲಾವಣಿ ಕೊಡ್ತೀನಿ" ಎಂದ. ಲಾವಣಿ ಎಂದರೆ ನಮ್ಮ ಕಡೆ ಹೊಲದ ಗೇಣಿ. ನನಗೆ ಅಷ್ಟು ಸಾಕಾಗಿತ್ತು.

ಕಾಗದದ ಕೆಲಸಕ್ಕೆ ಓಡಾಟ ಇದೆ. ಒಂದೇ ಸರ್ವೆ ನಂಬರಿನ ಹೊಲ ಒಡೆಯಬೇಕಾದರೆ ಮೊದಲು ಸರ್ವೇಯರ್ ಅಳೆದು 11ಇ ನಕ್ಷೆ, ಅಂದರೆ ಯಾವ ಭಾಗ ಎಲ್ಲಿ ಒಡೆಯುತ್ತದೆ ಎಂದು ತೋರಿಸುವ ನಕ್ಷೆ ಆಗಬೇಕು, ಆಮೇಲೆ ವಿಭಾಗ ಪತ್ರದ ನೋಂದಣಿ, ಆಮೇಲೆ ಪಹಣಿಯಲ್ಲಿ ಹೆಸರು. ಕಲಬುರಗಿಯಲ್ಲಿ ನಾನೇ ದುಡಿದು ಕಟ್ಟಿಸಿದ ಮನೆಗೆ ವಿಲ್ ಬರೆದೆ, ಮೊದಲು ಮನೆಯಾಕೆಗೆ, ಆಕೆಯ ನಂತರ ಮಕ್ಕಳಿಗೆ. ವಿಲ್‌ಗೆ ಛಾಪಾ ಕಾಗದ ಬೇಕಿಲ್ಲ. ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ನೋಂದಣಿ ಕಡ್ಡಾಯವಲ್ಲ, ನಾನು ಮಾಡಿಸಿದೆ. ಬದುಕಿರುವ ತನಕ ಬದಲಾಯಿಸಲೂ ಬರುತ್ತದೆ. ಬ್ಯಾಂಕಿನಲ್ಲಿ ನಾಮಿನಿ ಹೆಸರೂ ಸರಿಮಾಡಿಸಿದೆ. ನಾಮಿನಿ ಕೈಗೆ ಹಣ ಬರುತ್ತದೆ ಅಷ್ಟೇ, ಅದರಿಂದ ಉಳಿದ ವಾರಸುದಾರರ ಹಕ್ಕು ಹೋಗುವುದಿಲ್ಲ.

ಸುಮ್ನೆ ಈಗಲೇ ಮಕ್ಕಳ ಹೆಸರಿಗೆ ದಾನಪತ್ರ ಮಾಡಿಬಿಡಿ ಎನ್ನುವವರು ಬಹಳ ಸಿಗುತ್ತಾರೆ. ಇದರಲ್ಲಿ ನನ್ನದು ಗಟ್ಟಿ ಅಭಿಪ್ರಾಯ: ಆತುರ ಬೇಡ. ಕೊಡುವುದೇ ಆದರೆ ನಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತು ಆ ಪತ್ರದಲ್ಲೇ ಇರಲಿ. ಹಾಗಿದ್ದರೆ, ಮಕ್ಕಳು ಕೈಬಿಟ್ಟಾಗ 2007ರ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಿ ಪತ್ರ ರದ್ದು ಮಾಡಿಸಲು ದಾರಿ ಇರುತ್ತದೆ. ಮಕ್ಕಳ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಬರೆದಿಟ್ಟರೆ ಇಬ್ಬರಿಗೂ ನಿರಾಳ.

ಮಗಳ ಪಾಲಿಗೆ ಬಂಡಿ ಹೋಗುವ ಹಾದಿಯನ್ನೂ ವಿಭಾಗ ಪತ್ರದಲ್ಲೇ ಸೇರಿಸಿದೆವು. ಬೋರ್‌ವೆಲ್ ನೀರಿನ ಸರದಿ ಇನ್ನೂ ಮಾತಿನಲ್ಲೇ ಇದೆ. ಬೇಸಿಗೆ ಬರುವ ಮೊದಲು ಅದನ್ನೂ ಕೂತು ಬರೆಯಬೇಕು.