ಕ್ವಿಜ್ ಕಲಿಸಿದ ಮೇಷ್ಟ್ರನ್ನ ನೆನಪಲ್ಲಿ ಉಳಿಸ್ಕೊಳ್ಳೋದು ಹೆಂಗೆ

ನಮ್ಮ ಹೈಸ್ಕೂಲಿನ ಸೈನ್ಸ್ ಮೇಷ್ಟ್ರು ತೀರ್ಕೊಂಡು ಎರಡು ವರ್ಷ ಆಯ್ತು. ಸ್ಕೂಲಿನ ಕ್ವಿಜ್ ಟೀಮಿಗೆ ಕೋಚ್ ಅವ್ರೇ, ಬಸ್ ಚಾರ್ಜ್ ಕೊಡ್ತಿದ್ದೋರು ಅವ್ರೇ, ತಾಲೂಕು ಲೆವೆಲ್ಲಿಗೆ ಹೋದಾಗ ಹೋಟ್ಲಲ್ಲಿ ಇಡ್ಲಿ ಕೊಡಿಸ್ತಿದ್ದೋರೂ ಅವ್ರೇ. ಅವ್ರ ನೆನಪಿಗೆ ಏನಾದ್ರೂ ಮಾಡ್ಬೇಕು ಅಂತ ನಾವು ಹಳೇ ಸ್ಟೂಡೆಂಟ್ಸೆಲ್ಲ ಸೇರಿ ಹೊರಟಾಗ ಕೆಲವು ಸರಿ ಮಾಡಿದ್ವಿ ಕೆಲವು ತಪ್ಪು ಮಾಡಿದ್ವಿ. ನಿಮ್ಮೂರಲ್ಲೂ ಅಂಥ ಒಬ್ರು ಮೇಷ್ಟ್ರೋ ಮೇಡಮ್ಮೋ ಇದ್ದು, ಅವ್ರಿಗೋಸ್ಕರ ಏನಾದ್ರೂ ಮಾಡೋಣ ಅನ್ಕೊಂಡಿದ್ರೆ ಉಪಯೋಗಕ್ಕೆ ಬರ್ಲಿ ಅಂತ ಬರೀತಿದೀನಿ.

ಮೊದಲು ಮನೆಯವ್ರ ಹತ್ರ ಹೋಗಿ. ಗ್ರೂಪಲ್ಲಿ ಪ್ಲಾನ್ ಮಾಡಿ, ದುಡ್ಡು ಎತ್ತಿ, ಬ್ಯಾನರ್ ಪ್ರಿಂಟಿಗೆ ಕೊಟ್ಟು ಆಮೇಲೆ ಹೋಗ್ಬೇಡಿ. ನಾವು ಹಂಗೇ ಮಾಡಿದ್ವಿ, ಮೇಷ್ಟ್ರ ಹೆಂಡ್ತಿ ನಮ್ಮನ್ನ ಕೂರಿಸಿ ಕಾಫಿ ಕೊಟ್ಟು ಒಂದೇ ಮಾತು ಕೇಳಿದ್ರು, "ಅವ್ರಿಗೆ ಹಾರ ಹಾಕಿಸ್ಕೊಳ್ಳೋದು ಇಷ್ಟ ಇರ್ಲಿಲ್ಲ ಕಣ್ರಪ್ಪ, ನಿಮಗೆ ಗೊತ್ತಿರ್ಲಿಲ್ವಾ?" ಗೊತ್ತಿತ್ತು, ಆದ್ರೂ ಮರೆತಿದ್ವಿ. ಹಾಗಾಗಿ ಏನು ಬೇಕು ಏನು ಬೇಡ, ಯಾವ ಫೋಟೋ ಇಡ್ಬೇಕು, ದಿನ ಯಾವುದು ಅಂತೆಲ್ಲ ಅವ್ರ ಹತ್ರಾನೇ ಕೇಳಿ, ಅವ್ರು ಬೇಡ ಅಂದಿದ್ದನ್ನ ಬಿಟ್ಬಿಡಿ.

ಎರಡನೇದು ನುಡಿನಮನದ ವಿಷಯ. ನಾವಿಟ್ಕೊಂಡ ಮೊದಲ ಕಾರ್ಯಕ್ರಮದಲ್ಲಿ ಸ್ಟೇಜ್ ಮೇಲೆ ಒಂಬತ್ತು ಜನ ಗಣ್ಯರು, ಎಲ್ರೂ ಆದರ್ಶ ಶಿಕ್ಷಕರು, ಸರಳ ಸಜ್ಜನಿಕೆ, ತುಂಬಲಾರದ ನಷ್ಟ ಅಂತ ಮಾತಾಡಿದ್ರು, ಎರಡೂವರೆ ಗಂಟೆ ಆದ್ರೂ ಆ ಮಾತಲ್ಲಿ ನಮ್ಮ ಮೇಷ್ಟ್ರು ಎಲ್ಲೂ ಕಾಣ್ಲಿಲ್ಲ, ಯಾವ ಮೇಷ್ಟ್ರಿಗೆ ಬೇಕಾದ್ರೂ ಹೇಳಬಹುದಾದ ಮಾತುಗಳು ಅವು. ಕೊನೇಲಿ ಹಳೇ ಸ್ಟೂಡೆಂಟೊಬ್ಬ, ಈಗ ಲೈನ್‌ಮ್ಯಾನ್, ಎರಡೇ ನಿಮಿಷ ಸಿಕ್ಕಿದ್ರಲ್ಲಿ ಎದ್ದು ನಿಂತು, ಮೇಷ್ಟ್ರು ಬಜರ್ ಬದಲು ಹಳೇ ಸೈಕಲ್ ಬೆಲ್ಲನ್ನ ಡೆಸ್ಕಿಗೆ ಕಟ್ಟಿ ಪ್ರಾಕ್ಟೀಸ್ ಮಾಡಿಸ್ತಿದ್ದಿದ್ದು, ಉತ್ತರ ಗೊತ್ತಿದ್ರೂ ಹೆದರ್ಕೊಂಡು ಬೆಲ್ ಹೊಡೀದೇ ಇದ್ದೋನ ಕೈಯನ್ನ ಅವ್ರೇ ಹಿಡ್ದು ಬೆಲ್ ಮೇಲೆ ಇಟ್ಟಿದ್ದು ಹೇಳ್ದ. ಆಗ ಹಾಲಲ್ಲಿದ್ದೋರೆಲ್ಲ ಒಂದ್ಸಲ ಮೇಷ್ಟ್ರನ್ನ ನೋಡಿದಂಗಾಯ್ತು.

ಅವತ್ತಿಂದ ನಾವು ನೆನಪು ಕೇಳೋ ರೀತಿ ಬದಲಾಯಿಸಿದ್ವಿ. "ಮೇಷ್ಟ್ರ ಬಗ್ಗೆ ನಾಲ್ಕು ಮಾತು ಬರೆದು ಕಳ್ಸಿ" ಅಂದ್ರೆ ಹೊಗಳಿಕೆ ಬರುತ್ತೆ, ಅದ್ರ ಬದಲು ಅವ್ರು ನಿಮಗೆ ಕೇಳಿದ ಯಾವ ಪ್ರಶ್ನೆ ಇನ್ನೂ ನೆನಪಿದೆ, ನೀವು ಸೋತು ಬಂದ ದಿನ ಬಸ್ಸಲ್ಲಿ ಏನಂದ್ರು, ಯಾವ ವಿಷಯಕ್ಕೆ ಬೈದ್ರು ಅಂತ ಕೇಳಿ. ಬರೆಯೋಕೆ ಬರಲ್ಲ ಅನ್ನೋರಿಗೆ ವಾಯ್ಸ್ ಮೆಸೇಜ್ ಕಳ್ಸೋಕೆ ಹೇಳಿ, ಬೇರೆ ಯಾರಾದ್ರೂ ಕೂತು ಟೈಪ್ ಮಾಡಿ, ಆದ್ರೆ ಅವ್ರ ಮಾತನ್ನ ಪುಸ್ತಕದ ಭಾಷೆಗೆ ತಿದ್ದಬೇಡಿ. ಪ್ರತಿಯೊಂದಕ್ಕೂ ಹೆಸರು, ಬ್ಯಾಚಿನ ವರ್ಷ, ಊರು ಸೇರ್ಸಿ. ಟೀಮಿಗೆ ಸೆಲೆಕ್ಟ್ ಆಗದೇ ಇದ್ದೋರನ್ನೂ ಮರೀದೆ ಕೇಳಿ, ನಮಗೆ ಸಿಕ್ಕ ಒಳ್ಳೊಳ್ಳೆ ನೆನಪುಗಳು ಅವ್ರಿಂದಾನೇ ಬಂದ್ವು.

ಆಮೇಲೆ ಕಾಗದಪತ್ರ. ಇದನ್ನ ತಡ ಮಾಡ್ಬೇಡಿ, ಮನೆ ಸುಣ್ಣ ಬಣ್ಣ ಮಾಡಿಸುವಾಗ ಹಳೇ ಪೇಪರೆಲ್ಲ ರದ್ದಿಗೆ ಹೋಗ್ಬಿಡುತ್ತೆ. ನಮ್ಮ ಮೇಷ್ಟ್ರು ಮದುವೆ ಇನ್ವಿಟೇಷನ್‌ಗಳನ್ನ ಕತ್ತರಿಸಿ ಖಾಲಿ ಇರೋ ಕಡೆ ಪ್ರಶ್ನೆ ಬರೀತಿದ್ರು, ಹಂಗೆ ಸಾವಿರದ ಮುನ್ನೂರಕ್ಕೂ ಹೆಚ್ಚು ಕಾರ್ಡು ಒಂದು ತಗಡಿನ ಪೆಟ್ಟಿಗೇಲಿ ಸಿಕ್ತು, ಜೊತೆಗೆ ಬಾಲ ವಿಜ್ಞಾನ ಪತ್ರಿಕೆಯ ಹಳೇ ಸಂಚಿಕೆಗಳು, ಎನ್‌ಟಿಎಸ್‌ಇ ಅನ್ನೋ ರಾಷ್ಟ್ರಮಟ್ಟದ ಪ್ರತಿಭಾ ಪರೀಕ್ಷೆಗೆ ಅವ್ರೇ ಕೈಲಿ ಬರೆದಿದ್ದ ಮಾದರಿ ಪೇಪರ್‌ಗಳು, 1993ರಲ್ಲಿ ಶುರುವಾದ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಅಂತ ಮಕ್ಕಳ ಕೈಲಿ ಮಾಡಿಸಿದ ಪ್ರಾಜೆಕ್ಟ್ ರಿಪೋರ್ಟ್‌ಗಳು. ಇಂಥದ್ದು ಸಿಕ್ರೆ ತುಕ್ಕು ಹಿಡಿದ ಪಿನ್ನು ಸ್ಟೇಪಲ್ಲನ್ನ ಹುಷಾರಾಗಿ ತೆಗೀರಿ, ಹರಿದಿದ್ದಕ್ಕೆ ಸೆಲ್ಲೋಟೇಪ್ ಹಾಕ್ಬೇಡಿ, ಅದು ಹಳದಿಯಾಗಿ ಕಾಗದವನ್ನೂ ಹಾಳು ಮಾಡುತ್ತೆ, ಲ್ಯಾಮಿನೇಷನ್ ಅಂತೂ ಬೇಡ್ವೇ ಬೇಡ, ಒಂದ್ಸಲ ಮಾಡಿದ್ರೆ ಮತ್ತೆ ಬಿಚ್ಚೋಕಾಗಲ್ಲ. ನ್ಯೂಸ್‌ಪೇಪರ್ ಕಟಿಂಗ್‌ಗಳನ್ನ ಬೇರೆ ಕವರಲ್ಲಿ ಇಡಿ. ಸ್ಕ್ಯಾನ್ ಮಾಡೋದಾದ್ರೆ ಸ್ಪಷ್ಟತೆಯ ಸೆಟ್ಟಿಂಗನ್ನ 300 ಡಿಪಿಐಗೆ ಇಟ್ಕೊಳ್ಳಿ, ಮೊಬೈಲಲ್ಲಿ ಫೋಟೋ ತೆಗೆಯೋದಾದ್ರೆ ಹಗಲು ಬೆಳಕಲ್ಲಿ ಕಿಟಕಿ ಪಕ್ಕ ಕಾರ್ಡಿನ ಎರಡೂ ಕಡೆ ತೆಗೀರಿ. ವಾಟ್ಸಾಪಲ್ಲಿ ಸುಮ್ನೆ ಫೋಟೋ ಥರ ಕಳ್ಸಿದ್ರೆ ಕ್ವಾಲಿಟಿ ಹೋಗುತ್ತೆ, ಡಾಕ್ಯುಮೆಂಟ್ ಅಂತ ಆಯ್ಕೆ ಮಾಡಿ ಕಳ್ಸಿ. ಒಂದು ಕಾಪಿ ಡ್ರೈವಲ್ಲಿ, ಒಂದು ಹಾರ್ಡ್ ಡಿಸ್ಕಲ್ಲಿ ಇರ್ಲಿ, ಅಸಲಿ ಪೆಟ್ಟಿಗೆ ಮನೆಯವ್ರ ಹತ್ರಾನೇ ಇರ್ಲಿ.

ಕಾರ್ಡುಗಳನ್ನ ಓದ್ತಾ ಹೋದಾಗ ನಮಗೆ ಒಂದು ವಿಷಯ ಹೊಳೀತು. ಪ್ರತಿ ಕಾರ್ಡಲ್ಲೂ ಎರಡು ಪ್ರಶ್ನೆ ಇರ್ತಿತ್ತು, ಮೇಲೆ ಒಂದು, ಅದ್ರ ಕೆಳಗೆ ಕೆಂಪು ಇಂಕಲ್ಲಿ ಇನ್ನೊಂದು. ಉದಾಹರಣೆಗೆ, 1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ಕರೆಂಟು ಮೊದಲು ಯಾವ ಊರಿಗೆ ಹೋಯ್ತು? ಎಲ್ರೂ ಬೆಂಗಳೂರು ಅಂತಾರೆ, ಉತ್ತರ ಕೋಲಾರದ ಚಿನ್ನದ ಗಣಿ, ಬೆಂಗಳೂರಿಗೆ ಕರೆಂಟ್ ಬಂದಿದ್ದು 1905ರಲ್ಲಿ. ಕೆಳಗೆ ಕೆಂಪಲ್ಲಿ, "ಯಾಕೆ?" ಅಂತ. ಅಲ್ಲಿಂದ ಗಣಿ ಎಷ್ಟು ಆಳ, ನೀರು ಎತ್ತೋ ಪಂಪಿಗೆ ಎಷ್ಟು ಪವರ್ ಬೇಕು, ಲಾಭ ಯಾರಿಗೆ ಅಂತ ಒಂದು ಪೀರಿಯಡ್ ಪೂರ್ತಿ ಹೋಗ್ತಿತ್ತು. ಪಾಯಿಂಟ್ ಮೊದಲನೇ ಪ್ರಶ್ನೆಗೆ, ಪಾಠ ಎರಡನೇದಕ್ಕೆ. ನಿಮ್ಮ ಮೇಷ್ಟ್ರಿಗೂ ಹಿಂಗೆ ಅವ್ರದ್ದೇ ಆದ ಒಂದು ವರಸೆ ಇದ್ದೇ ಇರುತ್ತೆ, ಅದು ಲೆಕ್ಕ ಬಿಡಿಸೋ ರೀತಿ ಇರಬಹುದು, ಡಿಬೇಟಲ್ಲಿ ಎದುರಾಳಿ ಪರವಾಗಿ ಮಾತಾಡಿಸೋದು ಇರಬಹುದು, ಅದನ್ನ ಹುಡುಕಿ. ನನ್ನ ಕೇಳಿದ್ರೆ ಮುಂದೆ ಉಳಿಸ್ಬೇಕಾಗಿರೋದು ಅದನ್ನೇ, ಕಲ್ಲಿನ ಮೇಲೆ ಕೆತ್ತಿಸೋ ಹೆಸರು ಆಮೇಲೆ.

ಈಗ ಅವ್ರ ಹೆಸರಲ್ಲಿ ಒಂದು ಕ್ವಿಜ್ ನಡೆಸೋದು. ದಿನ ಆರಿಸುವಾಗ ಸ್ಕೂಲ್ ಕ್ಯಾಲೆಂಡರ್ ನೋಡಿ. ನಮ್ಮ ಮೇಷ್ಟ್ರು ಹೋಗಿದ್ದು ಏಪ್ರಿಲಲ್ಲಿ, ಆಗ ಮಕ್ಕಳಿಗೆ ಬೇಸಿಗೆ ರಜ. ಫೆಬ್ರವರಿ 28 ವಿಜ್ಞಾನ ದಿನ ಚೆನ್ನಾಗಿರುತ್ತೆ ಅನ್ಸುತ್ತೆ ಆದ್ರೆ ಎಸ್ಸೆಸ್ಸೆಲ್ಸಿ ಮಕ್ಕಳು ಪರೀಕ್ಷೆ ಟೆನ್ಷನಲ್ಲಿರ್ತಾರೆ. ಸೆಪ್ಟೆಂಬರ್ 5ಕ್ಕೆ ಎಲ್ಲಾ ಟೀಚರ್ಸೂ ತಾಲೂಕು ಕಾರ್ಯಕ್ರಮಕ್ಕೆ ಹೋಗಿರ್ತಾರೆ. ನಾವು ಜುಲೈ ಕೊನೇ ಶನಿವಾರ ಇಟ್ಕೊಂಡ್ವಿ, ಪ್ರತಿಭಾ ಕಾರಂಜಿಗೆ ತಯಾರಾಗೋ ಮಕ್ಕಳಿಗೂ ಅನುಕೂಲ ಆಯ್ತು. ಒಂದು ಟೀಮಿಗೆ ಮೂರು ಜನ, ಬೇರೆ ಬೇರೆ ಕ್ಲಾಸಿಂದ ಒಬ್ಬೊಬ್ರು, ಎಂಟನೇ ಕ್ಲಾಸಿನೋರು ಇರ್ಲೇಬೇಕು. ನೆಗೆಟಿವ್ ಮಾರ್ಕ್ಸ್ ಇಲ್ಲ. ತಪ್ಪು ಉತ್ತರ ಹೇಳಿದ್ರೂ ಹೆಂಗೆ ಊಹೆ ಮಾಡ್ದೆ ಅಂತ ವಿವರಿಸಿದ್ರೆ ಅರ್ಧ ಪಾಯಿಂಟ್, ಅದು ಮೇಷ್ಟ್ರದ್ದೇ ರೂಲು. ಪ್ರೈಜಿಗೆ ಟ್ರೋಫಿ ಬೇಡ, ದೂರದರ್ಶನ ಚಂದನದ ಥಟ್ ಅಂತ ಹೇಳಿಯಲ್ಲಿ ಪುಸ್ತಕ ಕೊಡ್ತಾರಲ್ಲ ಹಂಗೆ ಕನ್ನಡ ಪುಸ್ತಕ ಕೊಡಿ, ಭಾಗವಹಿಸಿದ ಎಲ್ರಿಗೂ ಒಂದೊಂದು.

ದುಡ್ಡಿನ ವಿಷಯ ಸ್ವಲ್ಪ ಗಟ್ಟಿಯಾಗಿರ್ಲಿ. ದತ್ತಿ ಇಡೋದಾದ್ರೆ ಹೆಡ್‌ಮಾಸ್ಟರ್ ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಜೊತೆ ಮೊದಲೇ ಮಾತಾಡಿ ಬರಹದಲ್ಲಿ ಒಪ್ಪಿಗೆ ತಗೊಳ್ಳಿ, ಬಡ್ಡಿ ಯಾವುದಕ್ಕೆ ಖರ್ಚಾಗ್ಬೇಕು ಅಂತ ಅದ್ರಲ್ಲೇ ಬರೆಸಿ. 1 ಲಕ್ಷಕ್ಕೆ ಶೇ. 6.5 ಬಡ್ಡಿ ಅಂದ್ರೆ ವರ್ಷಕ್ಕೆ 6,500 ರೂಪಾಯಿ, ಪುಸ್ತಕಕ್ಕೂ ಮಧ್ಯಾಹ್ನದ ಊಟಕ್ಕೂ ಅಷ್ಟೇ ಆಗೋದು, ಅದಕ್ಕಿಂತ ದೊಡ್ಡ ಮಾತು ಕೊಡ್ಬೇಡಿ. ಹೆಡ್‌ಮಾಸ್ಟರ್‌ಗಳು ಟ್ರಾನ್ಸ್‌ಫರ್ ಆಗ್ತಿರ್ತಾರೆ, ಹೊಸಬ್ರಿಗೆ ಈ ಡೆಪಾಸಿಟ್ ಇರೋದೇ ಗೊತ್ತಿರಲ್ಲ, ಅದಕ್ಕೇ ಎಫ್‌ಡಿ ರಸೀದಿಯ ಕಾಪಿ ಇಬ್ರು ಹಳೇ ಸ್ಟೂಡೆಂಟ್ಸ್ ಹತ್ರ ಇರ್ಲಿ, ಅದ್ರಲ್ಲಿ ಒಬ್ರು ಊರಲ್ಲೇ ಇರೋರಾಗಿರ್ಲಿ. ಬೆಂಗಳೂರಲ್ಲೋ ಅಮೆರಿಕದಲ್ಲೋ ಇರೋರು ದುಡ್ಡು ಕಳಿಸ್ತಾರೆ, ಆದ್ರೆ ಶನಿವಾರ ಬೆಳಗ್ಗೆ ಹೋಗಿ ಬೆಂಚ್ ಜೋಡ್ಸೋರು ಊರಿನೋರೇ.

ಕೊನೇದಾಗಿ, ಪೆಟ್ಟಿಗೆ ತುಂಬ್ತಾ ಹೋಗ್ಬೇಕು. ಕ್ವಿಜ್ ಮುಗಿದ ಮೇಲೆ ಮಕ್ಕಳಿಗೆ ಖಾಲಿ ಕಾರ್ಡ್ ಕೊಟ್ಟು ಅವ್ರೇ ಒಂದು ಪ್ರಶ್ನೆ ಬರೀಲಿ ಅನ್ನಿ, ಮೂಲೇಲಿ ಹೆಸರು, ಕ್ಲಾಸು, ವರ್ಷ ಬರೆಸಿ. ಮೇಷ್ಟ್ರು ನಮ್ಮ ಕೈಲೂ ಹಂಗೇ ಬರೆಸ್ತಿದ್ರು. ಆ ಪೆಟ್ಟಿಗೇಲಿ 1998ರ ನನ್ನ ಕಾರ್ಡೂ ಸಿಕ್ತು, ಕುಕ್ಕರಲ್ಲಿ ಅನ್ನ ಬೇಗ ಆಗುತ್ತೋ ಪಾತ್ರೇಲೋ ಅಂತ ಒಂದೇ ಒಂದು ಪ್ರಶ್ನೆ ಬರೆದಿದ್ದೆ, ಅದ್ರ ಕೆಳಗೆ ಅವ್ರ ಅಕ್ಷರದಲ್ಲಿ, ಕೆಂಪು ಇಂಕಲ್ಲಿ, "ಯಾಕೆ?"